ಕೋವಿಯ ಬಿರಡೆಯೂ ಶ್ರಾವಕನ ವ್ರತವೂ

ಮಿತಿಗೊಳಪಟ್ಟ ಹಿಂಸೆಯನ್ನು ವ್ರತವೆನ್ನಬಹುದೇ? ಅಣುವ್ರತಗಳ ಸ್ವರೂಪವನ್ನು ವಿಚಾರಿಸಿದ ಆಚಾರ್ಯರೆಲ್ಲರೂ ಒಂದಲ್ಲ ಒಂದು ವಿಧದಲ್ಲಿ ಈ ಪ್ರಶ್ನೆಯನ್ನು ಎದುರಿಸಿದ್ದಾರೆ. ಇದನ್ನು ಮತ್ತೊಮ್ಮೆ ಕೇಳಿಸುವಂಥ ವಸ್ತುವೊಂದು ಅಮೆರಿಕ ಸಂಯುಕ್ತ ಸಂಸ್ಥಾನದ ಅನೇಕ ಮನೆಗಳಲ್ಲಿದೆ. ಅದು ಕಾಡುಬಾತುಗಳ ಬೇಟೆಗೆಂದು ತಲೆಮಾರುಗಳಿಂದ ಬಂದ ಹಳೆಯ ಅರೆ-ಸ್ವಯಂಚಾಲಿತ ಕೋವಿ. ಅದರ ತೋಟಾ ಕೊಳವೆಯೊಳಗೆ ಕಾನೂನಿನ ಕಟ್ಟಳೆಯಂತೆ ತುರುಕಿರುವ ಒಂದು ಮರದ ಬಿರಡೆಯಿರುತ್ತದೆ. ಈ ಬಿರಡೆಯಿರುವವರೆಗೆ ಮೂರಕ್ಕಿಂತ ಹೆಚ್ಚು ತೋಟಾಗಳನ್ನು ಆ ಕೋವಿಯಲ್ಲಿ ತುಂಬಲಾಗದು.

ಜೈನ ಮನೆತನಗಳ ಮಕ್ಕಳು ಇಂದು ಆ ದೇಶದಲ್ಲಿ ನೆಲೆಸಿದ್ದಾರೆ. ಅವರ ನೆರೆಹೊರೆಯವರಲ್ಲಿಯೂ ಸಹೋದ್ಯೋಗಿಗಳಲ್ಲಿಯೂ ಶರತ್ಕಾಲ ಬಂತೆಂದರೆ ಕೋವಿ ಹಿಡಿದು ಜೌಗುನೆಲಕ್ಕೆ ಹೋಗುವವರಿದ್ದಾರೆ. ಅವರು ಕ್ರೂರಿಗಳೆಂದು ಹೇಳಿ ಮುಗಿಸುವಂತಿಲ್ಲ. ದೈವಭಕ್ತರು, ಮಾತಿಗೆ ತಪ್ಪದವರು, ಸಾಕಿದ ನಾಯಿಯನ್ನು ಮಗುವಿನಂತೆ ನೋಡಿಕೊಳ್ಳುವವರು ಅವರಲ್ಲಿ ಎಷ್ಟೋ ಮಂದಿ. ಜೈನ ತರುಣನು ತನ್ನ ಅಣುವ್ರತಗಳ ವಿಷಯವನ್ನು ಹೇಳಿದಾಗ ಅಂಥವರು, “ನಮಗೂ ಮಿತಿಯುಂಟು, ಇಷ್ಟೇ ತೋಟಾ, ಇಷ್ಟೇ ಹಕ್ಕಿ, ಇಷ್ಟೇ ದಿನ, ನಿಮ್ಮ ಅಣುವ್ರತಕ್ಕೂ ಇದಕ್ಕೂ ಏನು ಭೇದ?” ಎಂದು ಕೇಳಿದರೆ ಉತ್ತರವೇನು? ಬೇಟೆಯು ಸಪ್ತವ್ಯಸನಗಳಲ್ಲಿ ಒಂದೆಂಬುದನ್ನು ಜೈನ ಬಾಲಕನೂ ಬಲ್ಲ. ಆದರೆ ಅಷ್ಟನ್ನು ಹೇಳಿದ ಮಾತ್ರಕ್ಕೆ ಮಿತಿಗೂ ವ್ರತಕ್ಕೂ ಇರುವ ಅಂತರವನ್ನು ತೋರಿಸಿದಂತಾಗುವುದಿಲ್ಲ.

ಮೊದಲು ಆ ಕೋವಿಯ ಸಂಗತಿಯನ್ನು ತಿಳಿಯಬೇಕು. ಯೂಟಾ ಪ್ರಾಂತದ ಆಗ್ಡನ್ ಎಂಬ ಊರಿನ ಜಾನ್ ಮೋಸೆಸ್ ಬ್ರೌನಿಂಗ್ (೧೮೫೫–೧೯೨೬) ಇದರ ನಿರ್ಮಾತೃ. ೧೯೦೦ರಲ್ಲಿ ಅವನಿಗೆ ಇದರ ಪೇಟೆಂಟ್ ದೊರೆಯಿತು. ವಿಂಚೆಸ್ಟರ್ ಕಂಪನಿಯು ಅವನು ಕೇಳಿದ ಕರಾರಿಗೆ ಒಪ್ಪಲಿಲ್ಲ. ರೆಮಿಂಗ್ಟನ್ ಕಂಪನಿಯ ಅಧ್ಯಕ್ಷನನ್ನು ಕಾಣಲು ಹೋದಾಗ, ೧೯೦೨ರ ಜನವರಿಯಲ್ಲಿ, ಆ ಅಧ್ಯಕ್ಷನೇ ಹಠಾತ್ತಾಗಿ ತೀರಿಕೊಂಡನು. ಬ್ರೌನಿಂಗನು ಹಡಗು ಹತ್ತಿ ಬೆಲ್ಜಿಯಂ ದೇಶದ ಲಿಯೇಜ್ ನಗರದ ಬಳಿಯಿರುವ ಎಫ್. ಎನ್. ಕಾರ್ಖಾನೆಗೆ ಅದನ್ನು ಒಯ್ದನು. ಆಯುಷ್ಕರ್ಮದ ಲೆಕ್ಕ ವ್ಯಾಪಾರದ ಲೆಕ್ಕವನ್ನು ಕಾಯುವುದಿಲ್ಲ. ಬ್ರೌನಿಂಗನು ಕೂಡ ೧೯೨೬ರಲ್ಲಿ ಅದೇ ಕಾರ್ಖಾನೆಯಲ್ಲಿಯೇ ಹೃದಯಾಘಾತದಿಂದ ಮರಣ ಹೊಂದಿದನು. ‘ಆಟೋ-೫’ ಎಂದು ಹೆಸರಾದ ಆ ಕೋವಿಯಾದರೋ ೧೯೯೮ರವರೆಗೂ ತಯಾರಾಗುತ್ತಲೇ ಇತ್ತು. ನಳಿಗೆಯಲ್ಲಿ ಒಂದು, ಕೆಳಗಿನ ಕೊಳವೆಯಲ್ಲಿ ನಾಲ್ಕು, ಒಟ್ಟು ಐದು ತೋಟಾಗಳು ಅದಕ್ಕೆ ಹಿಡಿಸುತ್ತಿದ್ದುದರಿಂದ ಆ ಹೆಸರು.

ಅದು ಕೆಲಸ ಮಾಡುವ ಬಗೆಯಲ್ಲಿಯೇ ವಿಚಾರಣೀಯವಾದ ಅಂಶವೊಂದಿದೆ. ಗುಂಡು ಹಾರಿದಾಗ ಕೋವಿಯು ಹಿಂದಕ್ಕೆ ಒದೆಯುವುದು ಎಲ್ಲರಿಗೂ ತಿಳಿದದ್ದೇ. ಬೇರೆ ಕೋವಿಗಳಲ್ಲಿ ಆ ಒದೆತವು ಹೊಡೆದವನ ಹೆಗಲಿಗೆ ತಾಗಿ ವ್ಯರ್ಥವಾಗುತ್ತದೆ. ಬ್ರೌನಿಂಗನು ಆ ಒದೆತವನ್ನೇ ದುಡಿಸಿಕೊಂಡನು. ಒದೆತದ ಬಲದಿಂದ ನಳಿಗೆಯೂ ಅದರ ಹಿಂದಿನ ಅಗುಳಿಯೂ ಒಟ್ಟಾಗಿ ಹಿಂದಕ್ಕೆ ಸರಿಯುತ್ತವೆ. ಸ್ಪ್ರಿಂಗು ನಳಿಗೆಯನ್ನು ಮೊದಲು ಮುಂದಕ್ಕೆ ತಳ್ಳುತ್ತದೆ. ಸುಟ್ಟ ತೋಟಾ ಹೊರಕ್ಕೆ ಚಿಮ್ಮುತ್ತದೆ. ಆಮೇಲೆ ಅಗುಳಿಯು ಹೊಸ ತೋಟಾವನ್ನು ಒಳಕ್ಕೆ ನೂಕಿ ಮುಚ್ಚಿಕೊಳ್ಳುತ್ತದೆ. ಇಷ್ಟೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಹಳೆಯ ಒಂಟಿನಳಿಗೆಯ ಕೋವಿಯವನು ಒಂದು ಹಕ್ಕಿಯನ್ನು ಹೊಡೆದ ಮೇಲೆ ಕೋವಿಯನ್ನು ಮಡಿಸಬೇಕು, ಸುಟ್ಟ ತೋಟಾವನ್ನು ತೆಗೆಯಬೇಕು, ಜೇಬಿಗೆ ಕೈಹಾಕಿ ಹೊಸದನ್ನು ತೆಗೆದು ತುಂಬಬೇಕು, ಮತ್ತೆ ಮುಚ್ಚಬೇಕು. ಆ ಒಂದೊಂದು ಕೆಲಸಕ್ಕೂ ಮನಸ್ಸಿನ ಅನುಮತಿ ಬೇಕು. ಅಷ್ಟರೊಳಗೆ ಬಿದ್ದ ಹಕ್ಕಿಯ ಕಡೆಗೆ ಒಮ್ಮೆ ದೃಷ್ಟಿ ಹರಿಯಬಹುದು, ‘ಸಾಕು’ ಎನಿಸಲೂಬಹುದು. ಅರೆ-ಸ್ವಯಂಚಾಲಿತ ಕೋವಿಯಲ್ಲಿ ಈ ವ್ಯವಧಾನವೇ ಇಲ್ಲ. ಮೊದಲನೆಯ ಕೊಲೆಯ ಒದೆತವೇ ಎರಡನೆಯ ಕೊಲೆಗೆ ಸಿದ್ಧತೆ ಮಾಡಿಕೊಡುತ್ತದೆ. ಉದಯಕ್ಕೆ ಬಂದ ಕಷಾಯವು ಹೊಸ ಬಂಧಕ್ಕೆ ಕಾರಣವಾಗುವ ಬಗೆಯನ್ನು ಶಾಸ್ತ್ರದಲ್ಲಿ ಓದಿದವರಿಗೆ ಇದು ಅಪರಿಚಿತವೆನಿಸದು.

ಉಪಕರಣದ ಭೇದದಿಂದ ಪಾಪದಲ್ಲಿ ಭೇದವಾಗುವುದೇ ಎಂದು ಕೆಲವರು ಕೇಳಬಹುದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಆಸ್ರವದ ತಾರತಮ್ಯಕ್ಕೆ ಕಾರಣಗಳನ್ನು ಎಣಿಸುವಾಗ ಭಾವದ ತೀವ್ರತೆ ಮಂದತೆಗಳನ್ನೂ, ತಿಳಿದು ಮಾಡಿದ್ದು ತಿಳಿಯದೆ ಮಾಡಿದ್ದು ಎಂಬುದನ್ನೂ ಹೇಳಿ, ಅವುಗಳ ಜೊತೆಗೆ ಅಧಿಕರಣವನ್ನೂ ವೀರ್ಯವನ್ನೂ ಸೇರಿಸಿದ್ದಾರೆ. ಅಧಿಕರಣವೆಂದರೆ ಕ್ರಿಯೆಗೆ ಆಶ್ರಯವಾದದ್ದು. ಅದು ಜೀವವೂ ಆಗಬಹುದು, ಅಜೀವವೂ ಆಗಬಹುದು. ಜೀವಾಧಿಕರಣದ ಭೇದಗಳು ೧೦೮. ಸಂರಂಭ, ಸಮಾರಂಭ, ಆರಂಭ ಎಂಬ ಮೂರನ್ನು ಮನೋವಾಕ್ಕಾಯಗಳಿಂದಲೂ, ಕೃತ-ಕಾರಿತ-ಅನುಮತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ ಈ ಸಂಖ್ಯೆ ಬರುತ್ತದೆ. ಜಪಮಾಲೆಯ ಮಣಿಗಳನ್ನು ಇದಕ್ಕೆ ಹೊಂದಿಸಿ ಹೇಳುವ ರೂಢಿ ಮನೆಮನೆಯಲ್ಲಿದೆ. ಹೀಗಿರಲು, ಕೊಲ್ಲಬೇಕೆಂಬ ನಿಶ್ಚಯಕ್ಕೂ, ಅದಕ್ಕೆ ಸಾಧನ ಕೂಡಿಸುವುದಕ್ಕೂ, ಕೊಲ್ಲಲು ತೊಡಗುವುದಕ್ಕೂ ನಡುವೆ ಇರುವ ಅಂತರವನ್ನು ಅಳಿಸಿಹಾಕುವ ಉಪಕರಣವನ್ನು ಉದಾಸೀನವೆಂದು ಹೇಳಲಾಗದು. ಮೂರು ಮೆಟ್ಟಿಲುಗಳಲ್ಲಿ ಯಾವುದಾದರೊಂದರ ಮೇಲೆ ಮನುಷ್ಯ ನಿಲ್ಲಬಹುದಾಗಿತ್ತು. ಕೋವಿಯು ಮೆಟ್ಟಿಲುಗಳನ್ನು ತೆಗೆದು ಇಳಿಜಾರು ಮಾಡಿಟ್ಟಿತು.

ಆ ಇಳಿಜಾರಿಗೆ ಅಡ್ಡಲಾಗಿ ಇಟ್ಟ ತಡೆಯೇ ಮರದ ಬಿರಡೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕೆಯ ಚೆಸಪೀಕ್ ಕೊಲ್ಲಿಯ ಮೊದಲಾದ ಕಡೆಗಳಲ್ಲಿ ಬಾತುಗಳನ್ನು ಮಾರಾಟಕ್ಕಾಗಿ ರಾಶಿರಾಶಿಯಾಗಿ ಕೊಂದು ನಗರಗಳ ಹೋಟೆಲುಗಳಿಗೆ ರೈಲಿನಲ್ಲಿ ಕಳುಹಿಸುತ್ತಿದ್ದರು. ಕೋಟಿಗಟ್ಟಲೆಯಾಗಿದ್ದ ಪ್ಯಾಸೆಂಜರ್ ಪಾರಿವಾಳದ ಕಟ್ಟಕಡೆಯ ಹಕ್ಕಿ ೧೯೧೪ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ೧೯೧೮ರಲ್ಲಿ ವಲಸೆಹಕ್ಕಿಗಳ ಕಾನೂನು ಬಂದಿತು. ಮೂವತ್ತರ ದಶಕದ ಅನಾವೃಷ್ಟಿಯಲ್ಲಿ ಬಾತುಗಳು ಮತ್ತಷ್ಟು ಕ್ಷೀಣಿಸಿದಾಗ, ೧೯೩೫ರಲ್ಲಿ, ಮೂರು ತೋಟಾಗಳ ಕಟ್ಟಳೆಯಾಯಿತು. ಅದೇ ವರ್ಷ ಇನ್ನೂ ಎರಡನ್ನು ನಿಷೇಧಿಸಿದರು: ಕಾಳು ಚೆಲ್ಲಿ ಹಕ್ಕಿಗಳನ್ನು ಸೆಳೆದು ಹೊಡೆಯುವುದು, ಮತ್ತು ಸಾಕಿದ ಬಾತುಗಳನ್ನು ನೀರಿನಲ್ಲಿ ಕಟ್ಟಿಹಾಕಿ ಅವುಗಳ ಕೂಗಿನಿಂದ ಅವುಗಳ ಕುಲದವನ್ನೇ ಕರೆಸುವುದು. ದಿನಕ್ಕೆ ಇಷ್ಟೇ ಎಂಬ ಎಣಿಕೆಯೂ ಉಂಟು. ಇತ್ತೀಚಿನ ವರ್ಷಗಳಲ್ಲಿ ಬಾತುಗಳಿಗೆ ಅದು ಬಹುಮಟ್ಟಿಗೆ ಆರು, ಪಶ್ಚಿಮದ ಕಡೆಗೆ ಏಳು. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಕೋವಿ ಎತ್ತಬಹುದು, ಸೂರ್ಯಾಸ್ತವಾದೊಡನೆ ಇಳಿಸಬೇಕು. ಸಂಜೆಯ ಊಟವನ್ನು ಹೊತ್ತು ಮುಳುಗುವ ಮೊದಲೇ ಮುಗಿಸುವ ಮನೆಗಳವರಿಗೆ ಈ ಕೊನೆಯ ಕಟ್ಟಳೆ ಕುತೂಹಲ ಹುಟ್ಟಿಸಬಹುದು. ಕತ್ತಲೆಯಲ್ಲಿ ಯಾವ ಹಕ್ಕಿಯೆಂದು ಗುರುತಿಸಲಾಗದು ಎಂಬುದು ಅಲ್ಲಿಯ ಕಾರಣಗಳಲ್ಲೊಂದು. ಸೂಕ್ಷ್ಮಜೀವಿಗಳು ಕಾಣವು ಎಂಬುದು ಇಲ್ಲಿಯ ಕಾರಣ.

ಈ ಮಿತಿಗಳಿಂದ ಫಲವಾಗಲಿಲ್ಲವೆಂದು ಹೇಳುವುದು ಅಸತ್ಯವಾದೀತು. ೧೯೩೪ರಿಂದ ಬಾತು ಬೇಟೆಗಾರರು ಪ್ರತಿವರ್ಷ ಒಂದು ಮುದ್ರೆಚೀಟಿಯನ್ನು ಕೊಳ್ಳಬೇಕೆಂದಾಯಿತು. ಮೊದಲು ಒಂದು ಡಾಲರ್ ಇದ್ದ ಅದರ ಬೆಲೆ ೨೦೧೫ರಿಂದ ೨೫ ಡಾಲರ್. ಆ ಹಣದಿಂದ ಸುಮಾರು ೬೦ ಲಕ್ಷ ಎಕರೆ ಜೌಗುನೆಲ ಉಳಿದಿದೆ. ಅಲ್ಲಿ ಬಾತುಗಳಷ್ಟೇ ಅಲ್ಲದೆ ಕಪ್ಪೆ, ಮೀನು, ಆಮೆ, ಎಣಿಕೆಗೆ ಸಿಗದ ತ್ರಸಜೀವಿಗಳು ಆಶ್ರಯ ಪಡೆದಿವೆ. ಭಾರತದಲ್ಲಿ ಭರತಪುರದ ಜೌಗಿನಲ್ಲಿ ೧೯೩೮ರ ನವೆಂಬರ್ ತಿಂಗಳ ಒಂದೇ ದಿನ ವೈಸರಾಯರ ಬೇಟೆಯಲ್ಲಿ ೪೨೭೩ ಹಕ್ಕಿಗಳು ಸತ್ತವು. ಅಲ್ಲಿ ಬಿರಡೆಯೂ ಇರಲಿಲ್ಲ, ಎಣಿಕೆಯೂ ಇರಲಿಲ್ಲ. ಆರಕ್ಕೆ ನಿಲ್ಲುವವನನ್ನೂ ನಾಲ್ಕು ಸಾವಿರಕ್ಕೂ ನಿಲ್ಲದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸ್ಯಾದ್ವಾದಿಗಳಿಗೆ ತಕ್ಕುದಲ್ಲ.

ಹಾಗಾದರೆ ಬಿರಡೆಯು ವ್ರತವೇ? ಬಾಹ್ಯತಪಗಳಲ್ಲಿ ಎರಡನೆಯದಾದ ಅವಮೌದರ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಪುರುಷನ ಪೂರ್ಣಾಹಾರ ೩೨ ತುತ್ತುಗಳೆಂದು ಹೇಳಿ, ಅದಕ್ಕಿಂತ ಕಡಿಮೆ ಉಣ್ಣುವುದನ್ನು ತಪವೆಂದರು. ಹೊರನೋಟಕ್ಕೆ ಎರಡರಲ್ಲಿಯೂ ಎಣಿಕೆಯಿದೆ, ಎರಡರಲ್ಲಿಯೂ ಕೈ ಅರ್ಧದಲ್ಲಿ ನಿಲ್ಲುತ್ತದೆ. ಆದರೆ ತುತ್ತನ್ನು ಬಿಟ್ಟವನು ನಾಳೆ ಅದನ್ನು ಉಣ್ಣಬೇಕೆಂದು ಬಿಡುವುದಿಲ್ಲ. ನಾಳಿನ ಹಬ್ಬದೂಟಕ್ಕೆ ಹೊಟ್ಟೆಯನ್ನು ಕಾದಿರಿಸಿಕೊಂಡು ಇಂದು ಮಿತವಾಗಿ ಉಂಡವನನ್ನು ಯಾರೂ ತಪಸ್ವಿಯೆನ್ನುವುದಿಲ್ಲ. ಬಾತುಗಳ ಎಣಿಕೆಯಾದರೋ ಬರುವ ವರ್ಷದ ಬೇಟೆಗೂ ಬಾತುಗಳು ಇರಬೇಕೆಂಬ ದೃಷ್ಟಿಯಿಂದ ಹುಟ್ಟಿದ್ದು. ಇದು ಊಹೆಯ ಮಾತೆಂದು ತಿಳಿಯಬೇಕಾಗಿಲ್ಲ. ಆ ದೇಶದ ಕಾನೂನೇ ೧೯೯೯ರಲ್ಲಿ ಇದನ್ನು ತೋರಿಸಿಕೊಟ್ಟಿತು. ಉತ್ತರ ಧ್ರುವದ ಕಡೆಯಿಂದ ಬರುವ ಬಿಳಿ ಹೆಬ್ಬಾತುಗಳ ಸಂಖ್ಯೆ ಮಿತಿಮೀರಿ, ಅಲ್ಲಿಯ ಹುಲ್ಲುನೆಲವೇ ಹಾಳಾಗತೊಡಗಿದಾಗ, ವಿಶೇಷ ಅವಧಿಯಲ್ಲಿ ಆ ಹಕ್ಕಿಗಳ ಮಟ್ಟಿಗೆ ಬಿರಡೆಯನ್ನು ತೆಗೆಯಬಹುದೆಂದು ಅಪ್ಪಣೆಯಾಯಿತು. ದಿನದ ಎಣಿಕೆಯನ್ನೂ ರದ್ದುಪಡಿಸಬಹುದೆಂದಾಯಿತು. ಹೆಬ್ಬಾತಿನ ಪ್ರಾಣಗಳು ೧೯೯೮ರಲ್ಲಿದ್ದಷ್ಟೇ ೧೯೯೯ರಲ್ಲಿಯೂ ಇದ್ದವು: ಪಂಚೇಂದ್ರಿಯಗಳು, ಬಲಗಳು, ಉಸಿರು, ಆಯುಸ್ಸು ಯಾವುದೂ ಕಡಿಮೆಯಾಗಿರಲಿಲ್ಲ. ಬದಲಾದದ್ದು ಸಂಖ್ಯೆ ಮಾತ್ರ. ಕಾನೂನು ಕಾಯುತ್ತಿದ್ದದ್ದು ಹಿಂಡನ್ನು. ವ್ರತವು ಕಾಯುವುದು ಜೀವವನ್ನು, ಅದಕ್ಕಿಂತ ಮೊದಲು ವ್ರತಿಯ ಪರಿಣಾಮವನ್ನು.

ಬೇಟೆಗಾರರ ಪಕ್ಷದಲ್ಲಿ ಒಂದು ವಾದವುಂಟು, ಅದನ್ನು ಹಗುರವಾಗಿ ತಳ್ಳಲಾಗದು. ಚರೆ ತಾಗಿದ ಹಕ್ಕಿ ಒಮ್ಮೊಮ್ಮೆ ಸಾಯದೆ ರೆಕ್ಕೆ ಮುರಿದು ಜೊಂಡಿನೊಳಗೆ ಅಡಗಿ ನವೆಯುತ್ತದೆ. ಕೂಡಲೇ ಎರಡನೆಯ ಗುಂಡು ಸಿದ್ಧವಿರುವ ಕೋವಿಯಾದರೆ ಆ ನೋವನ್ನು ತಪ್ಪಿಸಬಹುದು. ಆದುದರಿಂದ ಅರೆ-ಸ್ವಯಂಚಾಲಿತವೇ ದಯೆಯ ಕೋವಿ ಎಂಬುದು ಆ ವಾದ. ನೋವನ್ನು ಕಡಿಮೆ ಮಾಡಬೇಕೆಂಬ ಭಾವವು ಭಾವವೇ. ಅದನ್ನು ಇಲ್ಲವೆನ್ನುವುದು ನ್ಯಾಯವಲ್ಲ. ಆದರೆ ಅದೇ ಸಿದ್ಧವಾದ ಗುಂಡು, ಮೊದಲ ಹಕ್ಕಿ ಬೀಳುವ ಮೊದಲೇ ಎರಡನೆಯ ಹಕ್ಕಿಯ ಕಡೆಗೆ ತಿರುಗುತ್ತದೆ ಎಂಬುದನ್ನೂ, ಹಾಗೆ ತಿರುಗಿದ್ದರಿಂದಲೇ ಮೊದಲನೆಯದು ಕೈತಪ್ಪಿ ಹೋಗುವುದುಂಟೆಂಬುದನ್ನೂ ಅನುಭವಸ್ಥ ಬೇಟೆಗಾರರೇ ಬಲ್ಲರು. ಅಲ್ಲದೆ ದಯೆಯು ಎರಡನೆಯ ಗುಂಡಿನಲ್ಲಿ ಕಾಣಿಸಿಕೊಳ್ಳಬೇಕಾದರೆ ಮೊದಲನೆಯದು ಹಾರಿರಬೇಕು. ನೀರಿನ ಮೇಲೆ ತೇಲಿಬಿಟ್ಟ ಮರದ ಹುಸಿಬಾತುಗಳೂ, ಬಾತಿನ ದನಿಯನ್ನು ಅನುಕರಿಸುವ ಪೀಪಿಯೂ ಅದಕ್ಕೂ ಹಿಂದಿನವು; ಇಳಿದು ವಿಶ್ರಮಿಸಲು ಬಂಧುಗಳಿದ್ದಾರೆಂದು ನಂಬಿ ಹಕ್ಕಿಯು ಬರುತ್ತದೆ. ನಾಲ್ಕು ಕಷಾಯಗಳಲ್ಲಿ ಮಾಯೆಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನ ಸಿಗುವುದು ಕಷ್ಟ.

ಹತ್ತನೆಯ ಶತಮಾನದಲ್ಲಿ ಸೋಮದೇವಸೂರಿಗಳು ಯಶಸ್ತಿಲಕದ ಉಪಾಸಕಾಧ್ಯಯನ ಭಾಗದಲ್ಲಿ ಬೆಸ್ತನನ್ನೂ ರೈತನನ್ನೂ ಹೋಲಿಸಿದ್ದಾರೆ. ಬಲೆ ಬೀಸಿ ಕುಳಿತ ಬೆಸ್ತನಿಗೆ ಒಂದು ಮೀನೂ ಸಿಗದಿದ್ದರೂ ಅವನು ಪಾಪಕ್ಕೆ ಭಾಗಿ. ಉಳುವ ರೈತನ ನೇಗಿಲಿಗೆ ಜೀವಿಗಳು ಸಿಕ್ಕರೂ ಅವನು ಆ ಬಗೆಯ ಪಾಪಿಯಲ್ಲ, ಅವನ ಸಂಕಲ್ಪ ಬೆಳೆಯ ಮೇಲಿರುತ್ತದೆ ಎಂಬುದು ಅದರ ತಾತ್ಪರ್ಯ. ಒಂದೂ ಹಕ್ಕಿ ಹೊಡೆಯದೆ ಬಂದ ದಿನವೇ ಸೊಗಸಾದ ದಿನವಾಗಿತ್ತು, ಬೆಳಗಿನ ಮಂಜು, ನೀರಿನ ಮೇಲಿನ ಬೆಳಕು, ಅಷ್ಟೇ ಸಾಕಾಗಿತ್ತು ಎಂದು ಹೇಳುವ ಬೇಟೆಗಾರರುಂಟು. ಸೋಮದೇವರ ನ್ಯಾಯದಂತೆ, ತುಂಬಿದ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡಿರುವವರೆಗೆ ಆ ದಿನ ಖಾಲಿಯಲ್ಲ. ಅದೇ ಮಂಜನ್ನೂ ಅದೇ ಬೆಳಕನ್ನೂ ನೋಡಲು ಕೋವಿಯನ್ನು ಮನೆಯಲ್ಲಿ ಬಿಟ್ಟು ಬರುವ ವೃದ್ಧನೊಬ್ಬನನ್ನು ಊಹಿಸಿಕೊಂಡರೆ, ಅವನ ದಿನ ಬೇರೆಯದು.

ಆದರೆ ಅದೇ ಗ್ರಂಥದಲ್ಲಿ ಮೃಗಸೇನನೆಂಬ ಬೆಸ್ತನ ಕಥೆಯೂ ಇದೆ. ಮುನಿಗಳು ಅವನಿಗೆ, ಬಲೆಗೆ ಮೊದಲು ಬೀಳುವ ಮೀನನ್ನು ಬಿಟ್ಟುಬಿಡು ಎಂದಷ್ಟೇ ನಿಯಮ ಕೊಟ್ಟರು. ಬಲೆಯನ್ನು ಕೇಳಿ ತೆಗೆದುಕೊಳ್ಳಲಿಲ್ಲ. ಅವನು ಮೊದಲು ಸಿಕ್ಕ ಮೀನಿಗೆ ಗುರುತು ಮಾಡಿ ಬಿಟ್ಟನು. ಮತ್ತೆ ಬೀಸಿದಾಗಲೂ ಅದೇ ಮೀನು. ಹೀಗೆ ಐದು ಸಲ ಅದೇ ಮೀನು ಬಲೆಗೆ ಬಂದಿತು, ಐದು ಸಲವೂ ಬಿಟ್ಟನು, ಸಂಜೆ ಬರಿಗೈಯಲ್ಲಿ ಮನೆಗೆ ಬಂದನು. ಹೆಂಡತಿ ಬಾಗಿಲು ತೆಗೆಯಲಿಲ್ಲ. ಆ ರಾತ್ರಿ ಹೊರಗೆ ಮಲಗಿದ್ದಾಗ ಹಾವು ಕಚ್ಚಿ ಸತ್ತನು. ಮುಂದಿನ ಭವದಲ್ಲಿ ಧನಕೀರ್ತಿಯಾಗಿ ಹುಟ್ಟಿ ಐದು ಸಲ ಮರಣದ ಬಾಯಿಂದ ತಪ್ಪಿಸಿಕೊಂಡನೆಂಬ ಉತ್ತರಭಾಗವನ್ನು ಓದುಗರು ಬಲ್ಲರು. ಇಲ್ಲಿ ಗಮನಿಸಬೇಕಾದದ್ದು ನದಿಯ ದಡ. ಅಲ್ಲಿ ಕಾವಲುಗಾರನಿರಲಿಲ್ಲ, ದಂಡವಿರಲಿಲ್ಲ. ಎರಡನೆಯ ಸಲ ಬಂದ ಮೀನನ್ನು ‘ಇದು ಮೊದಲನೆಯದಲ್ಲ’ ಎಂದು ವಾದಿಸಿ ಬುಟ್ಟಿಗೆ ಹಾಕಿಕೊಳ್ಳಲು ಅವನಿಗೆ ಯಾವ ಅಡ್ಡಿಯೂ ಇರಲಿಲ್ಲ. ಮನೆಯ ಹಸಿವು ಆ ವಾದಕ್ಕೆ ಬಲ ಕೊಡುತ್ತಿತ್ತು. ಕಾಗೆಯ ಮಾಂಸವೊಂದನ್ನು ಮಾತ್ರ ಬಿಟ್ಟ ಖದಿರಸಾರನೆಂಬ ಕಿರಾತನೂ ಇದೇ ಪಂಕ್ತಿಯವನು. ರೋಗಕ್ಕೆ ಅದೇ ಮಾಂಸವೇ ಮದ್ದೆಂದು ಹೇಳಿದಾಗಲೂ ಅವನು ಒಪ್ಪಲಿಲ್ಲ. ಇಬ್ಬರ ವ್ರತವೂ ಬಿರಡೆಗಿಂತ ಅಳತೆಯಲ್ಲಿ ಚಿಕ್ಕದು. ಮೂರು ತೋಟಾಗಳ ಕಟ್ಟಳೆ ಇದಕ್ಕಿಂತ ಎಷ್ಟೋ ಹೆಚ್ಚು ಜೀವಗಳನ್ನು ಉಳಿಸಿದೆ. ಆದರೂ ಮೃಗಸೇನನದನ್ನು ವ್ರತವೆಂದರು, ಏಕೆಂದರೆ ಅವನ ತಡೆ ಅವನೊಳಗಿತ್ತು. ತನ್ನ ಲಾಭಕ್ಕಾಗಿ ಇಟ್ಟುಕೊಂಡ ತಡೆಯೂ ಅದಾಗಿರಲಿಲ್ಲ. ಬಿರಡೆಯಾದರೋ ಕೋವಿಯ ಒಳಗಿರುತ್ತದೆ.

ಹಳೆಯ ಕೋವಿಯ ಚರಿತ್ರೆಯಲ್ಲಿ ಇನ್ನೊಂದು ತಿರುವುಂಟು. ಬಾತುಗಳು ಜಠರದಲ್ಲಿ ಕಾಳು ಅರೆಯಲೆಂದು ಸಣ್ಣ ಹರಳುಗಳನ್ನು ನುಂಗುತ್ತವೆ. ಕೆಸರಿನಲ್ಲಿ ಬಿದ್ದ ಸೀಸದ ಚರೆಗಳನ್ನೂ ಹರಳೆಂದು ನುಂಗಿ, ಗುಂಡು ತಾಗದಿದ್ದ ಬಾತುಗಳೂ ಸೀಸದ ವಿಷದಿಂದ ಸಾಯುತ್ತಿದ್ದವು. ಅವುಗಳನ್ನು ತಿಂದ ಹದ್ದುಗಳೂ ಸಾಯುತ್ತಿದ್ದವು. ಆದುದರಿಂದ ೧೯೯೧ರಿಂದ ಆ ದೇಶದಾದ್ಯಂತ ನೀರುಹಕ್ಕಿಗಳ ಬೇಟೆಗೆ ಸೀಸವನ್ನು ನಿಷೇಧಿಸಿದರು. ಬದಲಿಗೆ ಬಂದ ಉಕ್ಕಿನ ಚರೆ ಗಡುಸು. ಬೆಲ್ಜಿಯಂನಲ್ಲಿ ತಯಾರಾದ ಹಳೆಯ ನಳಿಗೆಗಳು ಮೆದುವಾದ ಸೀಸಕ್ಕಾಗಿ ಮಾಡಿದವು. ಉಕ್ಕನ್ನು ಹಾರಿಸಿದರೆ ಬಾಯ ಬಳಿಯ ಇಕ್ಕಟ್ಟಾದ ಭಾಗ ಕೆಡುತ್ತದೆ. ಬಿಸ್ಮತ್ ಮೊದಲಾದ ಮೆದು ಲೋಹದ ತೋಟಾಗಳು ಸಿಗುತ್ತವಾದರೂ ಬಲು ದುಬಾರಿ. ಹೀಗೆ ಎಷ್ಟೋ ಅಜ್ಜಂದಿರ ಕೋವಿಗಳು ಗೋಡೆ ಸೇರಿದವು. ಕೋವಿ ನಿಂತಿತು, ಕೈ ನಿಂತಿತೇ? ಹಳೆಯದನ್ನು ಗೋಡೆಗೆ ತೂಗುಹಾಕಿ ಹೊಸದನ್ನು ಕೊಂಡವನ ವಿಷಯದಲ್ಲಿ ಉತ್ತರ ಸುಲಭ. ಕೊಳ್ಳಲಾಗದೆ ಸುಮ್ಮನಾದವನ ವಿಷಯವೂ ಅಷ್ಟೇನೂ ಕಠಿಣವಲ್ಲ. ಮನೆಯಲ್ಲಿ ಅಕ್ಕಿಯಿಲ್ಲದೆ ಹಸಿದಿರುವುದನ್ನು ಉಪವಾಸವೆಂದು ಯಾವ ಶ್ರಾವಿಕೆಯೂ ಎಣಿಸುವುದಿಲ್ಲ. ಅಷ್ಟಮಿಯಂದು ತುಂಬಿದ ಕಣಜದ ಮುಂದೆ ಪ್ರತ್ಯಾಖ್ಯಾನ ಮಾಡಿ ಕುಳಿತಾಗಲೇ ಅದು ಉಪವಾಸ.

ಅಜ್ಜನು ಮೊಮ್ಮಗನಿಗೆ ಕೋವಿಯನ್ನು ಪ್ರೀತಿಯಿಂದ ಬಿಟ್ಟುಹೋಗುವುದುಂಟು. ಅವರ ಮನೆಗಳಲ್ಲಿ ಅದು ಕೇವಲ ಆಯುಧವಲ್ಲ, ನೆನಪು. ಆ ಪ್ರೀತಿಯನ್ನು ಗೌರವಿಸಬೇಕು. ಆದರೂ ಸಮಂತಭದ್ರಸ್ವಾಮಿಗಳು ರತ್ನಕರಂಡಕದಲ್ಲಿ ಅನರ್ಥದಂಡದ ಐದು ಬಗೆಗಳಲ್ಲಿ ಹಿಂಸಾದಾನವನ್ನು ಹೇಳಿ, ಕೊಡಲಿ, ಕತ್ತಿ, ಬೆಂಕಿ, ಸರಪಳಿಗಳಂಥ ಹಿಂಸೋಪಕರಣಗಳನ್ನು ಕೊಡುವುದನ್ನೇ ದೋಷವೆಂದರು. ಕೊಟ್ಟವನು ಸತ್ತ ಮೇಲೂ ಉಪಕರಣವು ಮುಂದಿನವನ ಸಂಕಲ್ಪಕ್ಕೆ ಆಶ್ರಯ ಕೊಡುತ್ತದೆ. ಹಳೆಯ ಕೋವಿಯನ್ನು ಒಳ್ಳೆಯ ಬೆಲೆಗೆ ಮಾರಿ ಕೈ ತೊಳೆದುಕೊಂಡೆನೆಂಬವನು ದೋಷವನ್ನು ಮಾರಿದ್ದಾನೆಯೇ ಹೊರತು ಕಳೆದುಕೊಂಡಿಲ್ಲ. ಹೊಡೆಯುವ ಸೂಜಿಯನ್ನು ತೆಗೆಸಿ, ನಳಿಗೆಯನ್ನು ನಿರುಪಯುಕ್ತಗೊಳಿಸಿ, ನೆನಪಿಗೆಂದು ಇಟ್ಟುಕೊಂಡವನ ನಡತೆ ಅದಕ್ಕಿಂತ ಶ್ರೇಷ್ಠ.

ಇಷ್ಟನ್ನು ಓದಿದ ಜೈನಗೃಹಸ್ಥನಿಗೆ, ಇದೆಲ್ಲ ಬೇಟೆಗಾರರ ಮಾತು, ಹುಟ್ಟಿನಿಂದ ಬಾತನ್ನು ಮುಟ್ಟದವರಿಗೆ ಇದರಿಂದೇನು ಎನಿಸಬಹುದು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹಿಂಸೆಯಲ್ಲಿ ತೊಡಗುವುದು ಹೇಗೆ ಹಿಂಸೆಯೋ ಹಾಗೆಯೇ ಹಿಂಸೆಯಿಂದ ವಿರತನಾಗದಿರುವುದೂ ಹಿಂಸೆಯೆಂದು ನಿರ್ಣಯಿಸಿದ್ದಾರೆ. ಬಂಧದ ಕಾರಣಗಳಲ್ಲಿ ಅವಿರತಿಯನ್ನು ಮಿಥ್ಯಾದರ್ಶನದ ಮರುಕ್ಷಣವೇ ಹೆಸರಿಸಲಾಗಿದೆ. ಕುಲದ ರೂಢಿಯಿಂದ ಕೊಲ್ಲದಿರುವುದು ಪುಣ್ಯವಂತರಿಗೆ ದೊರೆಯುವ ಅನುಕೂಲ. ಅದು ತಾನಾಗಿ ವ್ರತವಾಗುವುದಿಲ್ಲ. ರೂಢಿಯಿಂದ ಕೊಲ್ಲದವನ ಕೈಯಲ್ಲಿಯೂ ಒಂದು ಬಗೆಯ ಬಿರಡೆಯೇ ಇದೆ, ಅದನ್ನು ಇಟ್ಟವರು ಹಿರಿಯರು. ಪರದೇಶದಲ್ಲಿ, ಹಿರಿಯರ ಕಣ್ಣು ತಪ್ಪಿದಲ್ಲಿ, ಅದು ಎಷ್ಟು ದಿನ ನಿಂತೀತೆಂಬುದು ಪ್ರತಿಯೊಂದು ಮನೆಯೂ ಯೋಚಿಸಬೇಕಾದ ವಿಷಯ.

ಅಲ್ಲಿರುವ ತರುಣನಿಗೆ ಎದುರಾಗುವ ಪ್ರಸಂಗ ಬಹುಶಃ ಕೋವಿ ಹಿಡಿಯುವುದಲ್ಲ. “ನೀನು ಹೊಡೆಯಬೇಡ, ದೋಣಿಯಲ್ಲಿ ಕುಳಿತು ನೋಡು, ಹುಸಿಬಾತುಗಳನ್ನು ತೇಲಿಬಿಡಲು ನೆರವಾಗು” ಎಂದು ಸ್ನೇಹಿತನು ಕರೆಯುತ್ತಾನೆ. ಕೃತವಿಲ್ಲ, ಕಾರಿತವಿಲ್ಲ ಎಂದು ಅವನು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಹುಸಿಬಾತನ್ನು ನೀರಿಗೆ ಬಿಡುವುದು ಸಮಾರಂಭದಲ್ಲಿ ಕೈಜೋಡಿಸುವುದೇ. ಗುರಿ ತಪ್ಪದ ಹೊಡೆತಕ್ಕೆ ‘ಭಲೆ’ ಎಂದರೆ ಅನುಮೋದನೆ ಪೂರ್ತಿಯಾಯಿತು. ದೋಣಿಯಲ್ಲಿ ಕುಳಿತ ಮೇಲೆ ಬಾಯನ್ನು ಬಿಗಿಹಿಡಿಯುವುದು ಕಷ್ಟ. ಕರೆ ಬರುವ ಮೊದಲೇ ನಿಯಮ ತೆಗೆದುಕೊಂಡಿದ್ದರೆ ಉತ್ತರ ಸುಲಭ, ಸ್ನೇಹಕ್ಕೂ ಧಕ್ಕೆಯಿಲ್ಲ. ಕಾಲಮಿತಿಯುಳ್ಳದ್ದು ನಿಯಮ, ಯಾವಜ್ಜೀವ ಇರುವುದು ಯಮ. ಮೊದಲನೆಯದರಿಂದ ತೊಡಗುವುದರಲ್ಲಿ ಸಂಕೋಚ ಬೇಡ. ಆ ದೇಶದ ಬಾತು ಬೇಟೆಯ ಕಾಲ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯಿಂದ ಜನವರಿ ಕೊನೆಯೊಳಗೆ ಬರುತ್ತದೆ. ಭಾದ್ರಪದದ ದಶಲಕ್ಷಣ ಪರ್ವ ಮುಗಿಯುವುದೂ ಬಹುತೇಕ ಅದರ ಹೊಸ್ತಿಲಿನಲ್ಲೇ. ಅನಂತ ಚತುರ್ದಶಿಯ ದಿನ ಬಸದಿಯಲ್ಲಿ, ಬಸದಿ ದೂರವಿದ್ದರೆ ಮನೆಯಲ್ಲಿಯೇ ಜಿನಬಿಂಬದ ಮುಂದೆ ಮೂರು ಸಲ ಪಂಚನಮಸ್ಕಾರ ಮಂತ್ರವನ್ನು ಹೇಳಿ, ಮುಂದಿನ ಅನಂತ ಚತುರ್ದಶಿಯವರೆಗೆ ಬೇಟೆಯ ದೋಣಿಯನ್ನು ಹತ್ತುವುದಿಲ್ಲವೆಂದು ಅವನು ನಿಯಮ ಮಾಡಿಕೊಳ್ಳಬಹುದು. ಊರಿನಲ್ಲಿರುವ ತಾಯಿತಂದೆಯರಿಗೆ ಅಂದೇ ಅದನ್ನು ತಿಳಿಸಬಹುದು.